ಹಾಲಕ್ಕಿ ನುಡೀತೈತೆ, ಕೈಗೆ ಚಿಪ್ಪು ಬರ್ತೈತೆ

ಬೆಳಗಿನ ಜಾವ ತಲೆಗೆ ರುಮಾಲು ಸುತ್ತಿ, ಹೆಗಲ ಮೇಲೆ ಯಾರೋ ಕೊಟ್ಟ ಹಳೇ ಕೋಟು ಇಳಿಬಿಟ್ಟು, ಮನೆ ಮುಂದೆ ನಿಂತು ‘ಹಾಲಕ್ಕಿ ನುಡೀತೈತೆ, ಯಜಮಾನ್ರಿಗೆ ಒಳ್ಳೇದಾಗ್ತೈತೆ’ ಎನ್ನುತ್ತಿದ್ದ ಬುಡುಬುಡಿಕೆಯವರಿಗೆ ಸಿಗುತ್ತಿದ್ದದ್ದು ಒಂದು ಮೊರ ರಾಗಿ. ಈಗಿನ ಹಾಲಕ್ಕಿ ಎಂದರೆ ಜಾಲದಲ್ಲಿ ಸೋರಿಕೆ ಸುದ್ದಿ ನುಡಿಯುವ ಪಂಡಿತರು; ಅದು ರಾಗಿ ಕೇಳುವುದಿಲ್ಲ, ಸಬ್‌ಸ್ಕ್ರೈಬ್ ಕೇಳುತ್ತದೆ. ಅದು ನುಡಿಯುವುದು ಒಂದೇ ವಿಷಯ: ಮುಂದಿನ ಲ್ಯಾಪ್‌ಟಾಪ್ ಪ್ರೊಸೆಸರ್. ಕಟ್ಟಕಡೆಯ ಸಲಹೆಯೂ ಒಂದೇ: ಈಗ ಕೊಳ್ಳಬೇಡಿ, ಕಾಯಿರಿ.

ಈ ಕಸುಬಿಗೆ ಬಂಡವಾಳ ಹೆಚ್ಚು ಬೇಡ. ಕಲಿಯಬೇಕೆಂದಿರುವವರ ಅನುಕೂಲಕ್ಕೆ ಪಾಠಗಳನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ.

ಮೊದಲನೆಯದು ಕಸ್ಟಮ್ಸ್ ಕಾಗದ. ಇದರಲ್ಲಿ ನಮ್ಮ ಊರಿನ ಪಾಲೂ ಇದೆ. ಹತ್ತು ವರ್ಷದ ಹಿಂದೆ ಜೌಬಾ ಎಂಬ ತಾಣದಲ್ಲಿ ಭಾರತಕ್ಕೆ ಬಂದಿಳಿಯುವ ಸರಕಿನ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಚಿಪ್ಪು ಕಂಪನಿ ಎಎಂಡಿಯ ಪರೀಕ್ಷಾ ಬೋರ್ಡುಗಳು ಕೆನಡಾದಿಂದ ಬೆಂಗಳೂರಿಗೂ ಹೈದರಾಬಾದಿಗೂ ಬರುತ್ತಿದ್ದವು. ಪರೀಕ್ಷೆ ಮಾಡುವ ಎಂಜಿನಿಯರುಗಳ ದಂಡು ಇಲ್ಲೇ ಇದೆಯಲ್ಲ. ಪಟ್ಟಿಯಲ್ಲಿ ಬೋರ್ಡಿನ ಸಂಕೇತನಾಮ, ಪಕ್ಕದಲ್ಲಿ ರೂಪಾಯಿಯಲ್ಲಿ ಒಂದು ಮೌಲ್ಯ. ಅದು ಅಂಗಡಿ ಬೆಲೆಯಲ್ಲ. ಸುಂಕಕ್ಕೂ ವಿಮೆಗೂ ಬೇಕೆಂದು ಯಾವುದೋ ಗುಮಾಸ್ತರು ತುಂಬಿದ ಅಂಕಿ; ಅದೂ ಪರೀಕ್ಷೆಗೆಂದು ಬೆರಳೆಣಿಕೆಯಷ್ಟು ಮಾಡಿದ ಬೋರ್ಡಿನದು. ಪಂಡಿತರು ಅದನ್ನು ಅಂದಿನ ಡಾಲರ್ ದರದಿಂದ ಭಾಗಿಸಿ ‘ಬೆಲೆ ಬಯಲು!’ ಎಂದು ಬರೆದರು. ದೇವನಹಳ್ಳಿಯ ಕಾರ್ಗೋ ಶೆಡ್ಡಿನಲ್ಲಿ ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಅತ್ತ ‘ದುಬಾರಿಯಾಯಿತು’ ಎಂದು ಬೈಗುಳವೂ ಮುಗಿದಿರುತ್ತಿತ್ತು.

ಇದಕ್ಕಿಂತ ದೊಡ್ಡ ತಮಾಷೆ ಬೇರೆ ಇದೆ. ಇಂಟೆಲ್, ಎಎಂಡಿ, ಕ್ವಾಲ್ಕಾಮ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳಿವೆ. ಎರಡು ವರ್ಷದ ಆಚೆ ಬರುವ ಚಿಪ್ಪಿನ ಕ್ಯಾಶ್ (ಒಳಗಿನ ಪುಟ್ಟ ಮೆಮೊರಿ) ಎಷ್ಟು, ಅದು ಎಲ್ಲಿ ಎಡವುತ್ತಿದೆ ಎಂದು ನಿಜವಾಗಿ ಬಲ್ಲವರು ಈ ಹೊತ್ತಿನಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಫ್‌ಎಂ ಕೇಳುತ್ತ ಕೂತಿರುತ್ತಾರೆ. ಗುಟ್ಟು ಬಿಡುವುದಿಲ್ಲವೆಂಬ ಎನ್‌ಡಿಎ ಕರಾರಿಗೆ ಸಹಿ ಹಾಕಿದ್ದಾರೆ, ಹೆಂಡತಿಗೂ ಹೇಳುವಂತಿಲ್ಲ. ಗೊತ್ತಿಲ್ಲದವರಿಗೆ ಅಂಥ ಯಾವ ಕಟ್ಟುಪಾಡೂ ಇಲ್ಲ.

ಎರಡನೆಯ ಪಾಠ ಗೀಕ್‌ಬೆಂಚ್, ಪ್ರೊಸೆಸರಿನ ವೇಗಕ್ಕೆ ಅಂಕ ಕೊಡುವ ತಂತ್ರಾಂಶ. ಉಚಿತ ಆವೃತ್ತಿ ಓಡಿಸಿದರೆ ಅಂಕ ತಾನಾಗಿಯೇ ಜಾಲಕ್ಕೆ ಏರುತ್ತದೆ. ಓಡಿಸಿದವರು ಯಾರು, ಕೋಣೆಯಲ್ಲಿ ಎಸಿ ಇತ್ತೇ, ಚಿಪ್ಪಿನ ತಲೆ ಮೇಲೆ ಎಷ್ಟು ದಪ್ಪದ ತಾಮ್ರ ಇತ್ತು, ಏನೂ ನಮೂದಾಗುವುದಿಲ್ಲ. ವರ್ಚುವಲ್ ಮಷೀನಿನಲ್ಲಿ (ತಂತ್ರಾಂಶದಲ್ಲೇ ಕಟ್ಟಿದ ಹುಸಿ ಕಂಪ್ಯೂಟರಿನಲ್ಲಿ) ಪ್ರೊಸೆಸರ್ ಹೆಸರನ್ನು ಬೇಕಾದಂತೆ ಬರೆಯಬಹುದು, ‘ಗೌಡರ ಗತ್ತು 9000’ ಎಂದರೂ ನಡೆಯುತ್ತದೆ. ಅಂಕ ನಿಜವೇ ಆದರೂ ಓದುವುದರಲ್ಲಿ ಮೋಸವಿದೆ. 2024ರ ಮೇನಲ್ಲಿ ಐಪ್ಯಾಡ್ ಪ್ರೊ ಜೊತೆ ಆ್ಯಪಲ್ಲಿನ ಎಂ4 ಚಿಪ್ಪು ಬಂದಾಗ ಒಂಟಿ ಕೋರಿನ (ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದು ಘಟಕದ) ಅಂಕ ಕಂಡು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಜಿಗಿತದ ಒಂದು ಪಾಲು ಎಸ್‌ಎಂಇ ಎಂಬ ಮ್ಯಾಟ್ರಿಕ್ಸ್ ಲೆಕ್ಕದ ಸೂಚನೆಗಳದ್ದು. ಗೀಕ್‌ಬೆಂಚ್ 6.3ರಲ್ಲಿ ಅದಕ್ಕೆ ಬೆಂಬಲ ಆಗ ತಾನೇ ಸೇರಿತ್ತು, ಚಿತ್ರದಲ್ಲಿ ವಸ್ತು ಗುರುತಿಸುವ ಒಂದು ಉಪಪರೀಕ್ಷೆ ಉಳಿದವುಗಳಿಗಿಂತ ಎಷ್ಟೋ ಮೇಲೆ ಚಿಮ್ಮಿ ಸರಾಸರಿಯನ್ನೂ ಎಳೆದುಕೊಂಡು ಹೋಯಿತು. ಟ್ಯಾಲಿ ಹಾಕುವವರಿಗೆ, ನುಡಿಯಲ್ಲಿ ಟೈಪ್ ಮಾಡುವವರಿಗೆ ಅದರಿಂದ ನಯಾಪೈಸೆ ಲಾಭವಿಲ್ಲ. ಉಳಿದದ್ದು ನಿಜವಾದ ವೇಗವೇ ಹೌದು, ಚಿಪ್ಪು ಒಳ್ಳೆಯದೇ. ಆದರೆ ‘ಸ್ವಲ್ಪ ಒಳ್ಳೆಯದು’ ಎಂಬ ಥಂಬ್‌ನೇಲನ್ನು ಯಾರು ಒತ್ತುತ್ತಾರೆ?

ಮೂರನೆಯದು ನಾಮಕರಣ. ಮಗು ಹುಟ್ಟುವ ಮೊದಲೇ ತೊಟ್ಟಿಲು ಕಟ್ಟಿ ಹೆಸರು ಕೂಗಬೇಕು. 2021ರಲ್ಲಿ ಎಂ1ಎಕ್ಸ್ ಎಂಬ ಚಿಪ್ಪಿಗೆ ಹೀಗೆಯೇ ಹೆಸರಿಟ್ಟು ಊರೆಲ್ಲ ಸಕ್ಕರೆ ಹಂಚಲಾಯಿತು. ಜೂನ್‌ನಲ್ಲಿ ಆ್ಯಪಲ್ ತನ್ನ ಸಮ್ಮೇಳನದ ವಿಡಿಯೊ ಹಾಕಿದಾಗ ಅದರ ಹುಡುಕು ಟ್ಯಾಗುಗಳಲ್ಲಿ ‘ಎಂ1ಎಕ್ಸ್ ಮ್ಯಾಕ್‌ಬುಕ್ ಪ್ರೊ’ ಎಂಬ ಪದಗಳೇ ಸಿಕ್ಕವು. ಇನ್ನೇನು ಬೇಕು, ಸಾಕ್ಷಾತ್ ದೇವರೇ ಹೂ ಪ್ರಸಾದ ಕೊಟ್ಟಂತೆ! ಜನ ಹುಡುಕುವ ಪದವನ್ನು ಟ್ಯಾಗಿಗೆ ತುಂಬುವುದು ಮಾರ್ಕೆಟಿಂಗಿನವರ ದಿನನಿತ್ಯದ ಕೆಲಸ, ಜನ ಆ ಪದ ಹುಡುಕುತ್ತಿದ್ದದ್ದು ಪಂಡಿತರು ಅದನ್ನೇ ಜಪಿಸುತ್ತಿದ್ದುದರಿಂದ. ಗಾಳಿಮಾತು ಹೀಗೆ ಒಂದು ಸುತ್ತು ಹಾಕಿ ತನಗೆ ತಾನೇ ಸಾಕ್ಷಿ ನುಡಿಯಿತು. ಅಕ್ಟೋಬರಿನಲ್ಲಿ ಬಂದದ್ದು ಎಂ1 ಪ್ರೊ ಮತ್ತು ಎಂ1 ಮ್ಯಾಕ್ಸ್. ಎಂ1ಎಕ್ಸ್ ಇವತ್ತಿಗೂ ಹುಟ್ಟಿಲ್ಲ.

ಇದರ ಉಲ್ಟಾ ಕತೆ ಎಂ3 ಅಲ್ಟ್ರಾ. ಎರಡು ಮ್ಯಾಕ್ಸ್ ಚಿಪ್ಪುಗಳನ್ನು ಅಂಟಿಸಿದರೆ ಒಂದು ಅಲ್ಟ್ರಾ. ಎಂ3 ಮ್ಯಾಕ್ಸಿನ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದವರಿಗೆ ಆ ಅಂಟುವ ಅಂಚು ಕಾಣಲಿಲ್ಲ. ‘ಎಂ3 ಅಲ್ಟ್ರಾ ಇಲ್ಲವೇ ಇಲ್ಲ’ ಎಂದು ತಿಥಿಯೂ ಆಯಿತು. 2025ರ ಮಾರ್ಚ್‌ನಲ್ಲಿ ಎಂ4 ಮ್ಯಾಕ್ಸಿನ ಪಕ್ಕದಲ್ಲೇ ಎಂ3 ಅಲ್ಟ್ರಾ, 512 ಜಿಬಿವರೆಗೆ ಮೆಮೊರಿ ಹೊತ್ತುಕೊಂಡು, ಮದುವೆಗೆ ತಡವಾಗಿ ಬಂದ ಸೋದರಮಾವನ ಹಾಗೆ ಬಂದು ಕೂತಿತು.

ನುಡಿದದ್ದು ಸುಳ್ಳಾದಾಗ ಹೇಳಬೇಕಾದ ಮಂತ್ರ: ‘ಮೂಲಗಳು ಸರಿಯಾಗೇ ಹೇಳಿದ್ದವು, ಕಂಪನಿ ಕೊನೇ ಗಳಿಗೆಯಲ್ಲಿ ಮನಸ್ಸು ಬದಲಿಸಿತು.’ ಇದಕ್ಕೆ ಎಕ್ಸ್‌ಪೈರಿ ಇಲ್ಲ.

ನಿಜವಾದ ಸುದ್ದಿ ಎಲ್ಲಿರುತ್ತದೆ ಎಂದರೆ, ಎಲ್ಲರ ಕಣ್ಣೆದುರು ಬಿಸಿಲಲ್ಲಿ ಒಣಗುತ್ತಿರುತ್ತದೆ. ಝೆನ್ 5 ಕೋರ್ ಅಂಗಡಿಗೆ ಬರುವ ಮೊದಲೇ, 2024ರ ಫೆಬ್ರವರಿಯಲ್ಲಿ, ಎಎಂಡಿಯವರೇ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರಿಗೆ ಬಹಿರಂಗವಾಗಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿದ್ದರು. ಎಎಲ್‌ಯುಗಳು (ಕೂಡಿ ಕಳೆಯುವ ಘಟಕಗಳು) ನಾಲ್ಕರಿಂದ ಆರಕ್ಕೆ ಏರಿವೆ ಎಂಬುದು ಅದರಲ್ಲೇ ಇತ್ತು. ಪ್ಯಾಚಿನಲ್ಲಿ ಬಾಯಿ ತೆರೆದ ಮುಖವಾಗಲಿ ಕೆಂಪು ಬಾಣವಾಗಲಿ ಇರದ ಕಾರಣ ಓದಿದವರು ಕಡಿಮೆ.

ಹಾಲಕ್ಕಿಯನ್ನೊಂದೇ ಬೈದರೆ ಅನ್ಯಾಯ. ಕಂಪನಿಗಳೂ ಬುಡುಬುಡಿಕೆ ಹಿಡಿದೇ ಕೂತಿವೆ. ‘5 ನ್ಯಾನೊಮೀಟರ್’ ಎನ್ನುವ, ತೈವಾನಿನ ಚಿಪ್ಪು ಕಾರ್ಖಾನೆ ಟಿಎಸ್‌ಎಂಸಿಯ ಚಿಪ್ಪಿನಲ್ಲಿ ಟ್ರಾನ್ಸಿಸ್ಟರ್ ಗೇಟಿನಿಂದ ಗೇಟಿಗೆ ದೂರ ಸುಮಾರು 50 ನ್ಯಾನೊಮೀಟರ್. 5 ಎಂಬುದು ಅಳತೆಯಲ್ಲ, ಬ್ರ್ಯಾಂಡು. ‘ನಂಬರ್ ಒನ್ ಬೀಡಿ’ಯಲ್ಲಿ ಒನ್ ಇದ್ದ ಹಾಗೆ. ಇಂಟೆಲ್ ತನ್ನ 10 ನ್ಯಾನೊಮೀಟರಿಗಾಗಿ ವರ್ಷಗಟ್ಟಲೆ ಒದ್ದಾಡಿ, 2021ರ ಜುಲೈನಲ್ಲಿ ಅದರ ಸುಧಾರಿತ ರೂಪಕ್ಕೆ ‘ಇಂಟೆಲ್ 7’ ಎಂದು ಹೆಸರು ಬದಲಿಸಿತು. ಗೆಜೆಟ್‌ನಲ್ಲಿ ಪ್ರಕಟಣೆ ಕೊಟ್ಟು ಹೆಸರು ಬದಲಿಸಿಕೊಂಡಷ್ಟು ಸಲೀಸು.

ಎಎಂಡಿಯದು ಇನ್ನೊಂದು ಪಂಚಾಂಗ. ರೈಜೆನ್ 5 7520ಯು ಎಂದು ಡಬ್ಬಿಯ ಮೇಲಿದ್ದರೆ ಮೊದಲ 7 ಎಂದರೆ 2023ರ ಮಾದರಿ. ಒಳಗಿರುವ ಕೋರು ಯಾವುದೆಂದು ತಿಳಿಯಲು ಮೂರನೇ ಅಂಕಿ ನೋಡಬೇಕು, ಅಲ್ಲಿರುವುದು 2: ಅಂದರೆ ಝೆನ್ 2, 2019ರ ಸರಕು. 7730ಯು ಆದರೆ ಝೆನ್ 3, 7840ಯು ಆದರೆ ಝೆನ್ 4. ಆ 7840ಯು ಮರುವರ್ಷ 8840ಯು ಆಯಿತು, ಅದರ ಮರುವರ್ಷ ರೈಜೆನ್ 7 250 ಆಯಿತು. ಕೋರು ಅದೇ, ಗ್ರಾಫಿಕ್ಸ್ ಅದೇ, ಹೆಚ್ಚೆಂದರೆ ಎನ್‌ಪಿಯು (ಎಐ ಲೆಕ್ಕಕ್ಕೆಂದೇ ಇರುವ ಭಾಗ) ಒಂದಿಷ್ಟು ಚುರುಕು. 2023ರ ಕೊನೆಗೆ ಇಂಟೆಲ್ ಇದನ್ನೇ ಹಿಡಿದು ‘ಹಾವಿನೆಣ್ಣೆ ಮಾರಾಟ’ (ಹುಸಿ ಮದ್ದಿನ ವ್ಯಾಪಾರ) ಎಂದು ಹಂಗಿಸುವ ಪ್ರಚಾರ ಮಾಡಿ, ಬೈಸಿಕೊಂಡು ತೆಗೆದೂ ಹಾಕಿತು. ಕೆಲವೇ ವಾರದಲ್ಲಿ ತಾನೇ ಹಳೇ ರ‍್ಯಾಪ್ಟರ್ ಲೇಕ್ ಚಿಪ್ಪಿಗೆ ‘ಕೋರ್ 7 150ಯು’ ಎಂದು ಹೊಸ ಅಂಗಿ ತೊಡಿಸಿ ಕಳಿಸಿತು.

‘ಸ್ವಂತ ಕೋರು’ ಎಂಬುದು ಈ ದಶಕದ ಜಂಬ. ಆ್ಯಪಲ್ ಇದಕ್ಕೆ 2008ರಲ್ಲೇ ಪಿ.ಎ. ಸೆಮಿ ಕಂಪನಿಯನ್ನು ಕೊಂಡು ಹನ್ನೆರಡು ವರ್ಷ ಬೆವರು ಹರಿಸಿ ಎಂ1 ತಂದಿತು. ಅಲ್ಲಿಂದ ಹೊರಬಿದ್ದ ಎಂಜಿನಿಯರುಗಳು ನೂವಿಯಾ ಕಟ್ಟಿದರು. ಕ್ವಾಲ್ಕಾಮ್ 2021ರಲ್ಲಿ ಅದನ್ನು ಸುಮಾರು 140 ಕೋಟಿ ಡಾಲರಿಗೆ ಕೊಂಡಿತು. ಅಡುಗೆ ಭಟ್ಟರು ಅವರೇ, ಛತ್ರ ಮಾತ್ರ ಬೇರೆ. 2023ರ ಅಕ್ಟೋಬರ್ 24ಕ್ಕೆ ಹವಾಯಿಯಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಎಲೀಟ್ ಘೋಷಿಸಿ ‘ಎಂ2ಗಿಂತ ಮುಂದೆ’ ಎಂದರು. ಆರೇ ದಿನಕ್ಕೆ ಎಂ3 ಬಂತು. ಎಲೀಟ್ ಅಂಗಡಿಗೆ ಬಂದದ್ದು 2024ರ ಜೂನ್ 18ಕ್ಕೆ, ಅಷ್ಟರಲ್ಲಿ ಐಪ್ಯಾಡಿನಲ್ಲಿ ಎಂ4 ಕೂತಿತ್ತು. ಎಂಟು ತಿಂಗಳು ಕಾದವರು ಸೋತ ಓಟದ ಟಿಕೆಟ್ಟು ಕೊಂಡರು. ಚಿಪ್ಪು ಕೆಟ್ಟದ್ದಲ್ಲ, ಬ್ಯಾಟರಿ ಚೆನ್ನಾಗಿಯೇ ಬರುತ್ತದೆ. ಆದರೆ ಹಳೇ ಪ್ರಿಂಟರಿಗೆ ಆರ್ಮ್ (ಇಂಟೆಲ್‌ಗಿಂತ ಬೇರೆ ಜಾತಿಯ ಈ ಚಿಪ್ಪು) ಒಪ್ಪುವ ಡ್ರೈವರ್ ಇದೆಯೇ ಎಂದು ಯಾವ ಸೋರಿಕೆಯೂ ಹೇಳಿರಲಿಲ್ಲ.

ಅದರ ಜೊತೆಗೇ ಬಂದದ್ದು ಟಾಪ್ಸ್ ಎಂಬ ಹೊಸ ಅಂಕಿ. ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅರ್ಥ. ಅದನ್ನು ಮಾಡುವುದು ಹೀಗೆ: ಇಂಟೆಲ್ ಲೂನಾರ್ ಲೇಕ್‌ನ ಎನ್‌ಪಿಯುನಲ್ಲಿ 12,288 ಗುಣಿಸಿ ಕೂಡುವ ಘಟಕಗಳು. ಒಂದು ಗುಣಾಕಾರ, ಒಂದು ಸಂಕಲನ, ಹೀಗೆ ಪ್ರತಿ ಘಟಕಕ್ಕೂ ಎರಡು. ವೇಗ 1.95 ಗಿಗಾಹರ್ಟ್ಸ್. ಮೂರನ್ನೂ ಗುಣಿಸಿದರೆ 48 ಟಾಪ್ಸ್. ಪ್ರತಿ ಘಟಕಕ್ಕೂ ಪ್ರತಿ ಕ್ಷಣವೂ ಮೆಮೊರಿಯಿಂದ ಮಾಹಿತಿ ಬಂದು ಬೀಳುತ್ತಿದೆ ಎಂಬ ಭ್ರಮೆಯ ಮೇಲೆ ನಿಂತ ಲೆಕ್ಕ ಇದು. ಛತ್ರದಲ್ಲಿ ಸಾವಿರ ಎಲೆ ಹಾಸಿ, ಬಡಿಸಲು ಇಬ್ಬರನ್ನೇ ಬಿಟ್ಟು, ‘ಸಾವಿರ ಜನ ಉಂಡರು’ ಎಂದು ಪತ್ರಿಕೆಗೆ ಕೊಟ್ಟಂತೆ.

ಲ್ಯಾಪ್‌ಟಾಪುಗಳಿಗೆ ಮೈಕ್ರೊಸಾಫ್ಟ್ ಕೊಡುವ ಕೊಪೈಲಟ್ ಪ್ಲಸ್ ಎಂಬ ಬಿರುದಿಗೆ ಎನ್‌ಪಿಯು 40 ಟಾಪ್ಸ್ ದಾಟಬೇಕು. ಎನ್ವಿಡಿಯಾದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿನ ಮೇಲೆ ಸಾವಿರಕ್ಕೂ ಮಿಕ್ಕಿ ಟಾಪ್ಸ್ ಎಂದು ಬರೆದಿದ್ದರೂ ಅದಕ್ಕೆ ಈ ಪಂಕ್ತಿಯಲ್ಲಿ ಎಲೆಯಿಲ್ಲ, ಅದು ಎನ್‌ಪಿಯು ಗೋತ್ರದ್ದಲ್ಲ. 2023ರ ಡಿಸೆಂಬರಿನಲ್ಲಿ ‘ಎಐ ಪಿಸಿ’ ಎಂದು ಮೆರವಣಿಗೆ ಮಾಡಿಸಿಕೊಂಡ ಇಂಟೆಲ್ಲಿನ ಮೀಟಿಯರ್ ಲೇಕ್‌ನ ಎನ್‌ಪಿಯು ಸುಮಾರು 11 ಟಾಪ್ಸ್, ಅರ್ಧ ವರ್ಷಕ್ಕೇ ಪಂಕ್ತಿಯಿಂದ ಎದ್ದು ಹೋಯಿತು. ಈ ಪಂಕ್ತಿಯ ಮುಖ್ಯ ಭಕ್ಷ್ಯವಾಗಿದ್ದ, ಪರದೆಯ ಚಿತ್ರ ತೆಗೆದಿಟ್ಟು ಆಮೇಲೆ ಹುಡುಕಿಕೊಡುವ ರೀಕಾಲ್, ಖಾಸಗಿತನದ ಗಲಾಟೆಯಲ್ಲಿ ಹಿಂದೆ ಸರಿದು, ಎಲ್ಲರ ಎಲೆಗೆ ಬಿದ್ದದ್ದು 2025ರ ಏಪ್ರಿಲ್‌ನಲ್ಲಿ.

ಆ್ಯಪಲ್ಲಿನ ಗಣಿತ ಸರಳ. 2023ರಲ್ಲಿ ಅವರ ಹಿರಿಯ ಅಧಿಕಾರಿಯೊಬ್ಬರು ಮ್ಯಾಕ್‌ನ 8 ಜಿಬಿ ಬೇರೆಯವರ 16 ಜಿಬಿಗೆ ಸಮ ಎಂಬರ್ಥದ ಮಾತಾಡಿದರು. ಮರುವರ್ಷ ಅಕ್ಟೋಬರಿಗೆ ಮ್ಯಾಕ್‌ಗಳೆಲ್ಲ 16 ಜಿಬಿಯಿಂದಲೇ ಶುರುವಾದವು. ಹಳೇ ಸೂತ್ರದಂತೆ ಅದೀಗ 32 ಆಗಿರಬೇಕು, ಯಾರೂ ಕೇಳಲಿಲ್ಲ.

ಇಷ್ಟೆಲ್ಲ ನುಡಿದ ಹಾಲಕ್ಕಿ ನುಡಿಯದ ಒಂದು ಚಮತ್ಕಾರ ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲಾದರೂ ನೋಡಲು ಸಿಗುತ್ತದೆ. ಮೇಲೆ ಐ5 ಐರಿಸ್ ಎಕ್ಸ್‌ಇ (ಇಂಟೆಲ್ ಚಿಪ್ಪಿನೊಳಗಿನ ಗ್ರಾಫಿಕ್ಸಿನ ಹೆಸರು) ಸ್ಟಿಕ್ಕರ್ ಅಂಟಿಸಿದ ಲ್ಯಾಪ್‌ಟಾಪು, ಒಳಗೆ 8 ಜಿಬಿ ರ‍್ಯಾಮ್ ಒಂದೇ ಕಡ್ಡಿ. ಡಿವೈಸ್ ಮ್ಯಾನೇಜರ್ ತೆರೆದರೆ ಐರಿಸ್ ಇಲ್ಲ, ಬರೀ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದಿರುತ್ತದೆ. ‘ಮೋಸ ಅಲ್ಲ ಸರ್, ಒಂದ್ನಿಮಿಷ’ ಎಂದು ಹುಡುಗ ತಳದ ಸ್ಕ್ರೂ ಬಿಚ್ಚಿ, ಹಳೇ ಸಿಮ್ ಕಾರ್ಡ್ ಪ್ಲಾಸ್ಟಿಕ್ಕಿನಿಂದ ಅಂಚು ಎಬ್ಬಿಸಿ, ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ, ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಕಡ್ಡಿಯನ್ನು ಓರೆಯಾಗಿ ತೂರಿಸಿ ಟಕ್ ಎಂದು ಒತ್ತುತ್ತಾನೆ. ಮತ್ತೆ ಆನ್ ಮಾಡಿದರೆ ಅದೇ ಚಿಪ್ಪು ‘ಐರಿಸ್ ಎಕ್ಸ್‌ಇ’ ಆಗಿರುತ್ತದೆ! ಮೆಮೊರಿಯ ಎರಡು ಚಾನೆಲ್ ತುಂಬದಿದ್ದರೆ ಇಂಟೆಲ್ ಆ ಹೆಸರನ್ನೇ ಕೊಡುವುದಿಲ್ಲ, ವೇಗವನ್ನೂ ಕೊಡುವುದಿಲ್ಲ. ರ‍್ಯಾಮನ್ನು ಬೆಸುಗೆ ಹಾಕಿದ, ಖಾಲಿ ಸ್ಲಾಟಿಲ್ಲದ ಮಾದರಿಯಾದರೆ ಹುಡುಗನೂ ಕೈ ಚೆಲ್ಲುತ್ತಾನೆ.

ಇದೇ ಅಂಗಡಿಯಲ್ಲಿ ಹತ್ತು ನಿಮಿಷ ನಿಲ್ಲುವ ತಾಳ್ಮೆಯಿದ್ದರೆ ಸೋರಿಕೆಗಳ ಗೊಡವೆಯೇ ಬೇಡ. ಚಾರ್ಜರ್ ಕಿತ್ತು, ಚಿಪ್ಪನ್ನು ದಣಿಸುವ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ, ಪಕ್ಕದಲ್ಲಿ ಅದರ ನಾಡಿ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದು ಸಿಪಿಯು ಪ್ಯಾಕೇಜ್ ಪವರ್ ನೋಡಿ. ಮೊದಲ ಅರ್ಧ ನಿಮಿಷ 40 ವ್ಯಾಟ್ ಎಂದು ಹಾರಾಡಿದ್ದು ಆಮೇಲೆ 15ಕ್ಕೆ ಕುಸಿದು ಕೂತರೆ, ನೀವು ಕೊಳ್ಳುತ್ತಿರುವುದು ಆ 15 ವ್ಯಾಟಿನ ಲ್ಯಾಪ್‌ಟಾಪನ್ನು. ಇದೇ ಚಿಪ್ಪು ದಪ್ಪ ಮೈಯ, ಎರಡು ಫ್ಯಾನಿನ ಇನ್ನೊಂದು ಮಾದರಿಯಲ್ಲಿ 28 ವ್ಯಾಟಿನಲ್ಲಿ ನಿಂತು ಓಡುತ್ತದೆ. ಅಂಗಡಿಯವರು ‘ಐ7 ಇದೆ ತಗೊಳ್ಳಿ ಅಣ್ಣಾ’ ಎಂದರೆ ಐ7 ಮುಂದಿನ ಅಂಕಿಗಳು, ಕೊನೆಯ ಅಕ್ಷರ ಎರಡನ್ನೂ ಕೇಳಿ. ಯು (ಕಡಿಮೆ ವ್ಯಾಟಿನದು) ಮತ್ತು ಎಚ್ (ಹೆಚ್ಚು ವ್ಯಾಟಿನದು) ನಡುವೆ ಇರುವಷ್ಟು ಅಂತರ ಎಷ್ಟೋ ಸಲ ಎರಡು ತಲೆಮಾರುಗಳ ನಡುವೆಯೂ ಇರುವುದಿಲ್ಲ.

ಇಷ್ಟಾದರೂ ಕಾಯುವವರು ಕಾಯುತ್ತಲೇ ಇದ್ದಾರೆ. 2020ರ ನವೆಂಬರಿನಲ್ಲಿ ಎಂ1 ಬಂದಾಗ ‘ಮೊದಲ ತಲೆಮಾರು ಬೇಡ, ಎಂ1ಎಕ್ಸ್ ಬರಲಿ’ ಎಂದು ಕೂತವರ ಕೈಯಲ್ಲಿದ್ದದ್ದು ಇಂಟೆಲ್ಲಿನ ಹಳೇ ಐ5 7200ಯು ಚಿಪ್ಪಿನ ಲ್ಯಾಪ್‌ಟಾಪು. ವಿಂಡೋಸ್ 11 ಆ ಚಿಪ್ಪನ್ನು ಹೊಸ್ತಿಲು ದಾಟಿಸಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಸರಿ, ಕೊಂಡೇ ಬಿಡೋಣ ಎಂದು ಎದ್ದು ನಿಂತರೆ, ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಗುಡಿಸಿಕೊಂಡು ಹೋಗಿ ರ‍್ಯಾಮ್ ಬೆಲೆ ಅಟ್ಟ ಹತ್ತಿ ಕೂತಿತ್ತು. ಡಿಸೆಂಬರಿನಲ್ಲಿ ಮೆಮೊರಿ ತಯಾರಿಸುವ ಮೈಕ್ರಾನ್, ಗ್ರಾಹಕರಿಗೆ ಮಾರುವ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ಐದು ವರ್ಷ ದಿನಕ್ಕೆ ಮೂರು ಸಲ ನುಡಿದ ಹಾಲಕ್ಕಿ ಇದೊಂದನ್ನು ನುಡಿದಿರಲಿಲ್ಲ.

ಈಗ ನುಡಿಯುತ್ತಿದೆ: ಬೆಲೆ ಇಳೀತೈತೆ, ಇನ್ನೊಂದು ವರ್ಷ ತಡ್ಕೊಳ್ಳಿ. 7200ಯುನ ಫ್ಯಾನಿಗೆ ಧೂಳು ಕಟ್ಟಿ ಬೇರಿಂಗ್ ಸವೆದಿದೆ. ಮೇಜಿನ ಮೇಲೆ ಅದೂ ಬುಡುಬುಡು ಎನ್ನುತ್ತಿದೆ.