ಸತ್ಯಾಂಶ: ಟಾಪ್ ಇಲ್ಲದ ರೇಸ್ ಕಾರಿಗೇ ವೇಗ ಹೆಚ್ಚೇ?

ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಟಾಪ್ ಇಲ್ಲದ ರೇಸ್ ಕಾರು ಹಗುರ, ಹಾಗಾಗಿ ವೇಗವೂ ಹೆಚ್ಚು. ಸುರಕ್ಷತೆಯ ನೆಪ ಹೇಳಿ ಅದನ್ನು ನಿಲ್ಲಿಸಿಬಿಟ್ಟರು.’ ಮೊದಲ ಮಾತು ತಪ್ಪು, ಎರಡನೆಯದು ಅನ್ಯಾಯ.

ತೂಕದ ವಾದ ನಿಲ್ಲುವುದೇ ಇಲ್ಲ. ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಕಾರಿನ ಕನಿಷ್ಠ ತೂಕವನ್ನು ನಿಯಮವೇ ಗೊತ್ತುಮಾಡುತ್ತದೆ. ಅದಕ್ಕಿಂತ ಹಗುರ ಮಾಡುವಂತಿಲ್ಲ. ವೇಗದ ಲೆಕ್ಕ ಇರುವುದು ಗಾಳಿಯಲ್ಲಿ. ಶ್ರೀರಂಗಪಟ್ಟಣ ದಾಟಿ ಹೆದ್ದಾರಿಯಲ್ಲಿ ಹೋಗುವಾಗ ಕಿಟಕಿ ಗಾಜು ಇಳಿಸಿದರೆ ಗಾಳಿ ನುಗ್ಗಿ ಭೋರ್ಗರೆಯುತ್ತದಲ್ಲ, ಗಂಟೆಗೆ 300 ಕಿ.ಮೀ. ದಾಟಿದಾಗ ಅಂಥದೇ ಗಾಳಿ ಟಾಪ್ ಇಲ್ಲದ ಕಾರನ್ನು ಹಿಡಿದೆಳೆಯುತ್ತದೆ. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಹಿಂಬದಿಯ ರೆಕ್ಕೆಗೂ ಕಲಕಿದ ಗಾಳಿಯೇ ಸಿಗುತ್ತದೆ. ಟಾಪ್ ಇದ್ದರೆ ಗಾಳಿ ನಯವಾಗಿ ಜಾರಿಹೋಗುತ್ತದೆ.

ಹಾಗಾದರೆ ತೆರೆದ ಕಾರುಗಳು ಗೆಲ್ಲಲೇ ಇಲ್ಲವೇ? ಧಾರಾಳವಾಗಿ ಗೆದ್ದಿವೆ. ತೆರೆದ ಆಡಿ ಆರ್8 2000ರಿಂದ 2005ರೊಳಗೆ ಐದು ಬಾರಿ ಗೆದ್ದಿತು. ನಡುವೆ 2003ರಲ್ಲಿ ಮಾತ್ರ ಮುಚ್ಚಿದ ಬೆಂಟ್ಲಿ. ಚಾಲಕರು ಬೇಗ ಹತ್ತಿ ಇಳಿಯಬಹುದು, ವೈಪರ್ ಬೇಡ, ಒಳಗೆ ಸೆಖೆ ಕಡಿಮೆ. ಹಗಲೂ ರಾತ್ರಿ ಓಡುವ ರೇಸಿನಲ್ಲಿ ಇವು ಸಣ್ಣ ಲಾಭಗಳಲ್ಲ.

ಆದರೂ 2009ರಲ್ಲಿ ಮುಚ್ಚಿದ ಪೂಜೋ 908 ಗೆದ್ದಿತು. 2011ರಲ್ಲಿ ಆಡಿಯೇ ಮುಚ್ಚಿದ ಆರ್18 ತಂದು ಗೆದ್ದಿತು. ಯಾರ ಬಲವಂತವೂ ಇರಲಿಲ್ಲ. ಅದೇ ರೇಸಿನಲ್ಲಿ ಇನ್ನೆರಡು ಆರ್18 ಕಾರುಗಳು ನುಚ್ಚುನೂರಾದವು. ಓಡಿಸುತ್ತಿದ್ದ ಅಲನ್ ಮ್ಯಾಕ್‌ನಿಶ್, ಮೈಕ್ ರಾಕನ್‌ಫೆಲರ್ ಇಬ್ಬರೂ ಬದುಕುಳಿದರು. ಸುರಕ್ಷತೆಯನ್ನು ‘ನೆಪ’ ಎನ್ನಲು ನನಗಂತೂ ಮನಸ್ಸು ಬಾರದು. ಮುಚ್ಚಿದ ಕಾರು ಲೆ ಮಾನ್‌ನಲ್ಲಿ ಅತಿ ವೇಗದ ಕಾರುಗಳ ಮೇಲಿನ ದರ್ಜೆಗೆ ಕಡ್ಡಾಯವಾದದ್ದು 2014ರಲ್ಲಿ, ಎರಡನೇ ದರ್ಜೆಗೆ 2017ರಲ್ಲಿ.