ಆಕ್ಸಲ್ ಮಾತ್ರ ಸುಮ್ಮನಿತ್ತು

ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಸುಧಾರಣೆಯನ್ನು ಗ್ರೈಂಡರ್ ಹಿಡಿದು ಕತ್ತರಿಸಿ ಹಾಕಲು ಒಂದು ಬಗೆಯ ಆತ್ಮವಿಶ್ವಾಸ ಬೇಕು. ಅದು ನನ್ನಲ್ಲಿ ಧಾರಾಳವಾಗಿತ್ತು. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಟೊಯೊಟಾದ ಫೋರ್ ವೀಲ್ ಡ್ರೈವ್ ಪಿಕಪ್‌ಗಳಿಗೆ 1985ರವರೆಗೆ ಮುಂಭಾಗದಲ್ಲೂ ಸಾಲಿಡ್ ಆಕ್ಸಲ್, ಅಂದರೆ ಎರಡು ಚಕ್ರಗಳನ್ನೂ ಜೋಡಿಸುವ ಒಂದೇ ಗಟ್ಟಿ ಅಚ್ಚು, ಇತ್ತು. 1986ರ ಮಾದರಿಯಿಂದ ಎರಡು ಚಕ್ರಗಳೂ ತಮ್ಮ ಪಾಡಿಗೆ ತಾವು ಏಳುವ, ಇಳಿಯುವ ಸಸ್ಪೆನ್ಷನ್ ಬಂತು. ಡಾಂಬರು ರಸ್ತೆಯವರು ಹಾಯಾಗಿ ಉಸಿರಾಡಿದರು. ಬಂಡೆ ಹತ್ತುವವರು ಅದನ್ನು ಕಿತ್ತು ಮತ್ತೆ ಹಳೆಯ ಪದ್ಧತಿಯದನ್ನೇ ಕೂರಿಸತೊಡಗಿದರು. ನನ್ನ ಟ್ರಕ್ಕು ಬೇರೆಯದು, ಹುಚ್ಚು ಅದೇ: ಮುಂದಿನ ಸಸ್ಪೆನ್ಷನ್ ಕಿತ್ತು ಸಾಲಿಡ್ ಆಕ್ಸಲ್ ಕೂರಿಸುವುದು. ಸಾಲಿಡ್ ಆಕ್ಸಲ್ ಇದ್ದರೆ ಒಂದು ಚಕ್ರ ಕಲ್ಲಿನ ಮೇಲೇರಿದಾಗ ಇನ್ನೊಂದು ನೆಲಕ್ಕೆ ಒತ್ತಿಕೊಳ್ಳುತ್ತದೆ. ಈ ಒಂದು ವಾಕ್ಯಕ್ಕಾಗಿ ಮನುಷ್ಯ ಏನೆಲ್ಲ ಮಾಡುತ್ತಾನೆ!

ಕೀಳುವ ಕೆಲಸದಲ್ಲಿ ಹೇಳುವಂಥದ್ದೇನೂ ಇಲ್ಲ. ತುಕ್ಕು ಹಿಡಿದ ಬೋಲ್ಟುಗಳು ಬರುವುದಿಲ್ಲ ಎಂದವು, ಬೆಂಕಿ ತೋರಿಸಿದ ಮೇಲೆ ಬಂದವು. ಹಳೆಯ ಬ್ರಾಕೆಟ್ಟುಗಳನ್ನು ಚಾಸಿಯಿಂದ ಕತ್ತರಿಸುವಾಗ ಹಾರಿದ ಕಿಡಿಗೆ ಭಾಮೈದನ ಅಂಗಿ ಜರಡಿಯಾಯಿತು.

ಗುಜರಿಯಲ್ಲಿ ಮೊದಲು ಸಿಕ್ಕ ಆಕ್ಸಲ್‌ನ ಡಿಫರೆನ್ಷಿಯಲ್, ಅಂದರೆ ಶಾಫ್ಟಿನ ತಿರುಗಾಟವನ್ನು ಎರಡು ಚಕ್ರಗಳಿಗೂ ಹಂಚುವ ಗೇರುಗಳ ಗುಂಡು, ಎಡಗಡೆಗಿತ್ತು. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ನಮ್ಮ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಶಾಫ್ಟ್ ಹೊರಡುವುದು ಬಲಗಡೆಯಿಂದ.

"ತಲೆಕೆಳಗು ಮಾಡಿ ಕೂರಿಸಿದರೆ ಬಲಕ್ಕೆ ಬರುತ್ತದಲ್ಲ, ಭಾವ?" ಎಂದ ಭಾಮೈದ.

ಬರುತ್ತದೆ, ಆದರೆ ಆಗ ಗೇರ್ ಹಾಕಿದರೆ ಹಿಂದಿನ ಚಕ್ರಗಳು ಮುಂದಕ್ಕೂ ಮುಂದಿನವು ಹಿಂದಕ್ಕೂ ತಿರುಗುತ್ತವೆ ಎಂದು ವಿವರಿಸಿದೆ. ಅವನು ಗಂಭೀರವಾಗಿ ಯೋಚಿಸಿದ. "ಹಾಗಾದರೆ ಹ್ಯಾಂಡ್‌ಬ್ರೇಕಿನ ಖರ್ಚು ಉಳಿಯಿತು ಬಿಡಿ."

ಬಲಗಡೆಯದು ಸಿಕ್ಕಿತು. ಹಿಂದಿನ ಆಕ್ಸಲ್‌ನಲ್ಲಿರುವಂತೆಯೇ 4.10 ಗೇರ್ ಅನುಪಾತ ಇದರಲ್ಲೂ ಇದ್ದದ್ದು ಪುಣ್ಯ. ಎರಡೂ ಬೇರೆಯಾಗಿದ್ದರೆ ಫೋರ್ ವೀಲ್ ಡ್ರೈವ್ ಹಾಕಿದೊಡನೆ ಮುಂದಿನದೂ ಹಿಂದಿನದೂ ಜಗಳಕ್ಕೆ ಬೀಳುತ್ತವೆ.

ನಿಜವಾದ ಕಗ್ಗಂಟು ಕ್ಯಾಸ್ಟರ್. ಚಕ್ರ ಯಾವ ಕೀಲಿನ ಮೇಲೆ ಎಡಬಲಕ್ಕೆ ಹೊರಳುತ್ತದೋ ಅದರ ಮೇಲ್ತುದಿ ಐದಾರು ಡಿಗ್ರಿ ಹಿಂದಕ್ಕೆ ವಾಲಿರಬೇಕು. ಆಗ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರವಾಗುತ್ತದೆ. ಇಲ್ಲವಾದರೆ ಟ್ರಕ್ಕು ರಸ್ತೆಯ ಉದ್ದಗಲವನ್ನೆಲ್ಲ ವಿಚಾರಿಸಿಕೊಂಡು ಹೋಗುತ್ತದೆ. ಸರಿ, ಆಕ್ಸಲನ್ನೇ ಕೊಂಚ ಹಿಂದಕ್ಕೆ ಹೊರಳಿಸಿದೆವು. ಶಾಫ್ಟ್ ಬಂದು ಸೇರುವ ಡಿಫರೆನ್ಷಿಯಲ್‌ನ ಮೂತಿ ನೆಲ ನೋಡತೊಡಗಿತು. ಶಾಫ್ಟಿನ ತುದಿಯಲ್ಲಿ ಬಾಗುತ್ತಲೇ ತಿರುಗುವ ಕೀಲು, ಯೂನಿವರ್ಸಲ್ ಜಾಯಿಂಟ್, ತಡೆದುಕೊಳ್ಳುವ ಕೋನವಲ್ಲ ಅದು. ಮೂತಿ ಎತ್ತಿದೆವು, ಕ್ಯಾಸ್ಟರ್ ಹೋಯಿತು. ಚಕ್ರದ ಕೀಲು, ಡಿಫರೆನ್ಷಿಯಲ್ ಎರಡೂ ಆಕ್ಸಲ್‌ನ ಒಂದೇ ಕೊಳವೆಗೆ ಬೆಸೆದುಕೊಂಡಿವೆ. ಅತ್ತ ದರಿ, ಇತ್ತ ಪುಲಿ.

ಮೇಸ್ತ್ರಿ ಬಂದು ರಸಮಟ್ಟ ಇಟ್ಟು, ಗುಳ್ಳೆ ಹೋದ ದಿಕ್ಕನ್ನೇ ಬಹಳ ಹೊತ್ತು ನೋಡಿದರು. ಕೊಳವೆಯ ಎರಡೂ ತುದಿಗಳನ್ನು ಬಿಡಿಸಿ ತಿರುಗಿಸಿ ಮತ್ತೆ ಬೆಸೆಯುವುದೇ ದಾರಿ ಎಂದರು. ಒಂದೇ ಸಮನೆ ಬೆಸೆದರೆ ಕಾವಿಗೆ ಕೊಳವೆ ಬಾಗುತ್ತದೆ. ಅಲ್ಲಿಷ್ಟು ಇಲ್ಲಿಷ್ಟು ಬೆಸೆದು, ಆರಲು ಬಿಟ್ಟು, ಚಹಾ ಕುಡಿದು ಬರಬೇಕು. ಸ್ಪ್ರಿಂಗ್ ಕೂರುವ ಪೀಠಗಳ ವಿಷಯ ಇನ್ನೂ ಸೊಗಸು. ಟ್ರಕ್ಕಿನ ಭಾರವೆಲ್ಲ ಸ್ಪ್ರಿಂಗ್ ಮೇಲೆ ಬಿದ್ದಾಗಲೇ ಕೋನ ಅಳೆಯಬೇಕು. ಹಾಗಾಗಿ ಚುಕ್ಕಿ ಬೆಸುಗೆ ಹಾಕಿ ಇಳಿಸುವುದು, ಅಳೆಯುವುದು, ಜಾಕ್ ಹಾಕಿ ಏರಿಸುವುದು, ಬೆಸುಗೆ ಒಡೆಯುವುದು. "ಚಾಲಕನ ಭಾರವೂ ಸೇರಬೇಕಲ್ಲ" ಎಂದು ಭಾಮೈದ ಸೀಟಿನಲ್ಲಿ ಕುಳಿತ. ಕುಳಿತವನು ಅಲ್ಲೇ ನಿದ್ದೆಹೋದ. ಅಳತೆಗೆ ಅದರಿಂದ ತೊಂದರೆಯಾಗಲಿಲ್ಲ.

ಮುಂದಿನದೆಲ್ಲ ಬಾಲಂಗೋಚಿಗಳು. ಟ್ರಕ್ಕು ಎತ್ತರವಾದದ್ದರಿಂದ ಬ್ರೇಕ್ ಹೋಸ್ ಸಾಲಲಿಲ್ಲ. ಉದ್ದದ್ದು ತಂದರೆ ಅದು ಟೈರಿಗೆ ಉಜ್ಜಿತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಸ್ಪ್ರಿಂಗ್ ಪಟ್ಟಿಗೆ ತಾಗಿತು. ತಡೆ ಬೋಲ್ಟನ್ನು ಹೊರಕ್ಕೆ ಎಳೆದದ್ದಕ್ಕೆ ತಿರುವಿನ ವ್ಯಾಸ ಬಸ್ಸಿನದಾಯಿತು. ಇಷ್ಟೆಲ್ಲ ರಂಪದ ನಡುವೆ ತಕರಾರು ತೆಗೆಯದ ವಸ್ತು ಆಕ್ಸಲ್ ಒಂದೇ.

ಟ್ರಕ್ಕು ಈಗ ನೆಟ್ಟಗೆ ಓಡುತ್ತದೆ, ಕೈ ಬಿಟ್ಟರೂ ಅಡ್ಡದಾರಿ ಹಿಡಿಯುವುದಿಲ್ಲ. ಆದರೆ ಮುಂಭಾಗ ಎತ್ತರ, ಹಿಂಭಾಗ ತಗ್ಗು. ರಾತ್ರಿ ಹೆಡ್‌ಲೈಟು ಹಾಕಿದರೆ ರಸ್ತೆಯೊಂದನ್ನು ಬಿಟ್ಟು ಮರದ ಮೇಲಿನ ಹಕ್ಕಿಗೂಡುಗಳೆಲ್ಲ ಕಾಣುತ್ತವೆ. ಹಿಂದಿನ ಸ್ಪ್ರಿಂಗುಗಳನ್ನೂ ಎತ್ತರಿಸಬೇಕು ಎಂದಿದ್ದಾರೆ ಮೇಸ್ತ್ರಿ. ಹಾಗೆ ಎತ್ತರಿಸಿದರೆ ಹಿಂದಿನ ಶಾಫ್ಟಿನ ಕೋನ ಕೆಡುತ್ತದೆ ಎಂದೂ ಅವರೇ ಹೇಳಿದ್ದಾರೆ. ಭಾಮೈದ ಹೊಸ ಅಂಗಿ ಕೇಳುತ್ತಿದ್ದಾನೆ.