ಮೊಮ್ಮಗುವಿಗೆ ಅಜ್ಜನ ಹೆಸರು: ಇಡಬೇಕೇ, ಬೇಡವೇ?

ಪರ: ಆ ಹೆಸರುಗಳಲ್ಲಿ ಊರಿದೆ, ಬೆಟ್ಟವಿದೆ

ಪರವಾಗಿ ಬರೆದುಕೊಡಿ ಎಂದು ಕೇಳಿದಾಗ ಒಪ್ಪಿಕೊಂಡೆ. ಪ್ರತಿ ಮನೆಯಲ್ಲೂ ಪ್ರತಿ ಮಗುವಿಗೂ ಹಿರಿಯರ ಹೆಸರೇ ಆಗಬೇಕೆಂಬ ಹಠ ನನಗಿಲ್ಲ. ಆದರೆ ಈ ಪದ್ಧತಿ ನಮ್ಮ ಕಣ್ಣೆದುರೇ ಕಳಚಿ ಹೋಗುತ್ತಿದೆ. ಅದರ ಜೊತೆಗೆ ಏನೇನು ಹೋಗುತ್ತಿದೆ ಎಂದು ಒಮ್ಮೆಯಾದರೂ ನೋಡಬೇಕಲ್ಲವೇ?

ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಿನ್ನೆ ಮೊನ್ನೆಯದಲ್ಲ. ಬಾದಾಮಿಯ ಒಂದನೆಯ ಪುಲಕೇಶಿಯ ಮಗ ಕೀರ್ತಿವರ್ಮ, ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ. ಹೊಯ್ಸಳರಲ್ಲಿ ಒಂದನೆಯ ನರಸಿಂಹನ ಮಗ ವೀರಬಲ್ಲಾಳ, ಅವನ ಮಗ ಮತ್ತೆ ನರಸಿಂಹ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜ ಒಡೆಯರನ್ನು ದತ್ತು ತೆಗೆದುಕೊಂಡರು. ಆ ಚಾಮರಾಜರಿಗೆ 1884ರಲ್ಲಿ ಹುಟ್ಟಿದ ಮಗ ಮತ್ತೆ ಕೃಷ್ಣರಾಜನಾದ. ನಾವು ಇಂದಿಗೂ ಅಭಿಮಾನದಿಂದ ನೆನೆಯುವ ನಾಲ್ವಡಿಯವರು ಅವರೇ. ಮುಮ್ಮಡಿಯವರಂತೂ ತಮ್ಮ ತಂದೆಯ ಹೆಸರನ್ನು ಒಂದು ಊರಿಗೇ ಇಟ್ಟರು. ಅರಿಕುಠಾರ ಚಾಮರಾಜನಗರವಾದದ್ದು ಹಾಗೆ.

ಅರಮನೆಯ ಮಾತು ಹಾಗಿರಲಿ. ನಾನು ಕಾಲೇಜಿನಲ್ಲಿ ಪಾಠ ಹೇಳಿದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಜರಿ ಪುಸ್ತಕ ತೆರೆದರೆ ಹುಡುಗರ ಊರು ಕೇಳಬೇಕಾಗಿರಲಿಲ್ಲ. ಮಾದಪ್ಪ, ಮಾದೇಶ ಎಂದರೆ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದುಕೊಳ್ಳುವ ಒಕ್ಕಲು. ನಂಜಪ್ಪ, ನಂಜಮ್ಮ ಎಂದರೆ ನಂಜನಗೂಡು. ಚೆಲುವಯ್ಯ, ಚೆಲುವಮ್ಮ ಎಂದರೆ ಮೇಲುಕೋಟೆ. ಉತ್ತರದ ಕಡೆಯಿಂದ ಬಂದವರಲ್ಲಿ ಸವದತ್ತಿಯ ಎಲ್ಲಪ್ಪ, ಎಲ್ಲವ್ವ, ಹುಲಿಗಿಯ ಹುಲಿಗೆವ್ವ, ಮೈಲಾರದ ಮೈಲಾರಪ್ಪ ಇರುತ್ತಿದ್ದರು. ಇವೆಲ್ಲ ಅವರ ಅಜ್ಜ ಅಜ್ಜಿಯರ ಹೆಸರುಗಳೇ. ಯಾವ ತಲೆಮಾರಿನಲ್ಲೋ ಒಬ್ಬರು ಹರಕೆ ಹೊತ್ತು ಬೆಟ್ಟ ಹತ್ತಿದ್ದರು, ಆ ನೆನಪು ಹಾಜರಿ ಪುಸ್ತಕದವರೆಗೆ ಬಂದಿತ್ತು. ನಾನು ನಿವೃತ್ತನಾಗುವ ಹೊತ್ತಿಗೆ ಅದೇ ಪುಸ್ತಕದಲ್ಲಿ ವಿಹಾನ್, ಅದ್ವಿಕ್, ಆರ್ಯನ್ ಬಂದು ಕೂತಿದ್ದರು. ಒಳ್ಳೆಯ ಮಕ್ಕಳು. ಆದರೆ ಆ ಹೆಸರು ಕೊಳ್ಳೇಗಾಲದ್ದೋ ಕಾನ್ಪುರದ್ದೋ ಹೇಳಲಾಗದು. ಕನ್ನಡದ ಅಪ್ಪ, ಅವ್ವ, ಅಯ್ಯ, ಅಣ್ಣ ಎಂಬ ಕೊನೆಗಳು ಒಂದೇ ತಲೆಮಾರಿನಲ್ಲಿ ಉದುರಿಹೋದವು. ಅಜ್ಜನ ಹೆಸರು ಇಡುವ ರೂಢಿ ಇದ್ದಿದ್ದರೆ ಅವು ತಾವಾಗಿಯೇ ಉಳಿಯುತ್ತಿದ್ದವು. ಯಾವ ಅಭಿಯಾನವೂ ಬೇಕಿರಲಿಲ್ಲ.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಎತ್ತು ಹೊಡೆದುಕೊಂಡು ಬರುತ್ತಾರೆ. ಕಟ್ಟೆಯ ಮೇಲೆ ಕೂತು ಒಂದು ಮನೆತನದ ವಂಶಾವಳಿಯನ್ನು, ಯಾರ ಮಗ ಯಾರು, ಮೂಲದಲ್ಲಿ ಯಾವ ಊರಿನಿಂದ ಬಂದವರು ಎಂದು ಹೇಳುತ್ತಾ ಹೋಗುತ್ತಾರೆ. ಕೇಳುತ್ತಾ ಕೂತ ಹುಡುಗನಿಗೆ ತನ್ನದೇ ಹೆಸರು ಮೇಲೆಲ್ಲೋ ಇನ್ನೊಬ್ಬನಿಗೂ ಇತ್ತು ಎಂದು ತಿಳಿದಾಗ ಅವನು ಕಿವಿ ನಿಮಿರಿಸುತ್ತಾನೆ. ಆ ಅಜ್ಜ ಏನು ಮಾಡುತ್ತಿದ್ದ, ಎಷ್ಟು ಎತ್ತು ಕಟ್ಟಿದ್ದ ಎಂದು ಕೇಳುತ್ತಾನೆ. ಹೆಸರಿಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಹೆಣ್ಣುಮಕ್ಕಳ ಮಾತೇನು ಎಂದು ಕೇಳುವವರಿದ್ದಾರೆ. ಅಜ್ಜಿಯರ ಹೆಸರನ್ನೂ ಇಡಲಿ, ಬೇಡ ಎಂದವರು ಯಾರು? ಮಂಗಳೂರಿನ ಕ್ಯಾಥೊಲಿಕ್ ಮನೆಗಳ ಹಳೆಯ ಕ್ರಮದಲ್ಲಿ ಮೊದಲ ಮಗನಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆ. ಹೆಣ್ಣುಮಕ್ಕಳಿಗೂ ಹಾಗೆಯೇ ಇಬ್ಬರು ಅಜ್ಜಿಯರ ಹೆಸರು. ಅದು ಎಲ್ಲ ಕಡೆ ಬರಬಹುದು. ಹೆಸರು ಹಳೆಯದಾಯಿತು, ಶಾಲೆಯಲ್ಲಿ ಆಡಿಕೊಳ್ಳುತ್ತಾರೆ ಎನ್ನುವ ಮಾತೂ ಇದೆ. ಆಡಿಕೊಳ್ಳುವ ಮಕ್ಕಳನ್ನು ತಿದ್ದಬೇಕೇ ಹೊರತು ಅಜ್ಜಿಯ ಹೆಸರನ್ನಲ್ಲ.

ವಿರೋಧ: ತಾಯಿ ಕರೆಯಲಾಗದ ಹೆಸರು ಮಗುವಿಗೆ ಯಾಕೆ?

ನಮ್ಮ ಧಾರವಾಡದ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿರುತ್ತದೆ. ಮುತ್ತೈದೆಯರು ತೊಟ್ಟಿಲಿನ ಎರಡೂ ಬದಿ ನಿಂತು, ಬಟ್ಟೆ ಸುತ್ತಿದ ಗುಂಡಕಲ್ಲನ್ನು 'ಗೋಪಾಳನ್ನ ತಗೋ, ಗೋವಿಂದನ್ನ ಕೊಡು' ಎನ್ನುತ್ತಾ ತೊಟ್ಟಿಲ ಮೇಲಿಂದ ಕೆಳಗೆ ದಾಟಿಸುತ್ತಾರೆ. ಜೋಗುಳ ಹಾಡುತ್ತಾರೆ. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುಗ್ಗರಿ ಹಂಚುತ್ತಾರೆ. ಆ ಹೆಸರು ಯಾವುದಾಗಬೇಕು ಎಂದು ತೀರ್ಮಾನಿಸಿದ ಹಿರಿಯರು ಪಡಸಾಲೆಯಲ್ಲಿ ಕೂತಿರುತ್ತಾರೆ. ಒಂಬತ್ತು ತಿಂಗಳು ಹೊತ್ತು ಹೆತ್ತವಳನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ನನ್ನ ವಿರೋಧವೆಲ್ಲ ಹೊರಡುವುದು ಇಲ್ಲಿಂದ.

ಹಿರಿಯರ ಹೆಸರು ಎಂದು ಗೌರವದಿಂದ ಹೇಳುತ್ತಾರಲ್ಲ, ಅದು ಮೊದಲಿಗೆ ತಂದೆಯ ತಂದೆಯ ಹೆಸರು. ಅಂದರೆ ತಾಯಿಗೆ ಮಾವನ ಹೆಸರು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಗಂಡನ ಹೆಸರಿಗಾದರೆ ನಮ್ಮಲ್ಲಿ ಒಡಪಿನ ದಾರಿಯಾದರೂ ಇದೆ. ಮದುವೆ, ಸೀಮಂತ, ಗೌರಿ ಪೂಜೆಯಲ್ಲಿ ನಾಲ್ಕು ಸಾಲು ಹೆಣೆದು ನಾಚಿಕೊಂಡು ಹೇಳಬಹುದು. ಮಾವನ ಹೆಸರಿಗೆ ಆ ದಾರಿಯೂ ಇಲ್ಲ.

ನನ್ನ ಅಜ್ಜನ ಹೆಸರು ವಿಠ್ಠಲ. ನನ್ನ ತಮ್ಮ ಹುಟ್ಟಿದಾಗ ಅವನಿಗೂ ಅದೇ ಹೆಸರಾಯಿತು. ನಮ್ಮವ್ವ ಅವನನ್ನು ಆ ಹೆಸರಿನಿಂದ ಕರೆದದ್ದನ್ನು ಬಾಲ್ಯದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ತಮ್ಮಾ, ರಾಜಾ, ಏ ಹುಡುಗಾ, ಹೀಗೆಯೇ ನಡೆಯಿತು. ಬೆಳಿಗ್ಗೆ ದೇವರ ಮುಂದೆ ದಾಸರ ಪದ ಹೇಳುವಾಗ ಕೊನೆಗೆ 'ಪುರಂದರ ವಿಠಲ' ಎಂಬ ಅಂಕಿತ ಬರುತ್ತದಲ್ಲ, ಅವಳು 'ಪುರಂದರ' ಎನ್ನುವಲ್ಲಿಗೆ ನಿಲ್ಲಿಸಿ ಕೈ ಮುಗಿಯುತ್ತಿದ್ದಳು. ದೇವರ ಹೆಸರೇ ಅವಳ ಬಾಯಿಂದ ಹೋಯಿತು, ಮಗನ ಹೆಸರೂ ಹೋಯಿತು.

ತಮ್ಮ ಸಣ್ಣವನಿದ್ದಾಗ ಒಂದು ಸಲ ಜ್ವರ ನೆತ್ತಿಗೇರಿತು. ಅಪ್ಪ ಊರಲ್ಲಿರಲಿಲ್ಲ. ಅವ್ವ ಅವನನ್ನು ಹೆಗಲ ಮೇಲೆ ಹಾಕಿಕೊಂಡು, ನನ್ನ ಕೈ ಹಿಡಿದು ದವಾಖಾನೆಗೆ ಓಡಿದಳು. ಚೀಟಿ ಬರೆಯುವವರು 'ಕೂಸಿನ ಹೆಸರೇನ್ರೀ?' ಎಂದರು. ಅವ್ವ ಸುಮ್ಮನೆ ನಿಂತಳು. ಇನ್ನೊಮ್ಮೆ ಕೇಳಿದರು. ಪರಿಚಯದವರು ಯಾರಾದರೂ ಕಾಣುತ್ತಾರೇನೋ ಎಂದು ಅವಳು ಹಿಂದೆ ತಿರುಗಿ ನೋಡಿದಳು. ಸಾಲಿನಲ್ಲಿದ್ದವರು ಗೊಣಗಲು ಶುರು ಮಾಡಿದರು. 'ಮಗಾ ನಿಮ್ದ ಹೌದಲ್ರೀ?' ಎಂದು ಯಾರೋ ಕೇಳಿಯೇ ಬಿಟ್ಟರು. ಅವಳ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು, ಬಾಯಿ ಮಾತ್ರ ತೆರೆಯಲಿಲ್ಲ. ಅವಳ ಸೆರಗಿನ ಹಿಂದಿನಿಂದ ನಾನೇ ಕೂಗಿ ಹೇಳಿದೆ. ಜ್ವರದಲ್ಲಿ ಬೇಯುತ್ತಿರುವ ಮಗನ ಹೆಸರನ್ನು ಹೇಳಲು ಹೆತ್ತವಳಿಗೆ ಅಧಿಕಾರವಿಲ್ಲದಂತೆ ಮಾಡಿದ ಪದ್ಧತಿಯನ್ನು ಪರಂಪರೆ ಎಂದು ನಾನು ಹೇಗೆ ಹೊಗಳಲಿ?

ಈಗ ಕಾಲ ಬದಲಾಗಿದೆ, ಮಾವನ ಹೆಸರನ್ನು ಯಾರು ಬೇಕಾದರೂ ಹೇಳುತ್ತಾರೆ ಎನ್ನಬಹುದು. ಪೇಟೆಯ ಕೆಲವು ಮನೆಗಳಲ್ಲಿ ನಿಜ. ಅಂಥ ಮನೆಗಳಲ್ಲೂ ಸೊಸೆ ಆ ಹೆಸರು ಹಿಡಿದು ಮಗನನ್ನು ಗದರಿಸಿದರೆ ಅತ್ತೆಯ ಮುಖ ಹೇಗಾಗುತ್ತದೆ ಎಂದು ನೋಡಿದವರಿಗೆ ಗೊತ್ತು. ಮಕ್ಕಳು ತಟ್ಟೆಯಲ್ಲಿ ಅನ್ನ ಬಿಡುತ್ತವೆ, ಸುಳ್ಳು ಹೇಳುತ್ತವೆ, ಬೈಸಿಕೊಳ್ಳುತ್ತವೆ. ಬೈಯಲು ಬಾರದ ಹೆಸರು ಮುದ್ದಿಗೂ ಬರುವುದಿಲ್ಲ.

ಅಜ್ಜಿಯರ ಹೆಸರನ್ನೂ ಇಡಿ ಎಂದು ಧಾರಾಳವಾಗಿ ಹೇಳುತ್ತಾರೆ. ಯಾವ ಹೆಸರು? ನನ್ನ ಅಜ್ಜಿಗೆ ಮದುವೆಯ ದಿನ ಪರಾತದಲ್ಲಿ ಅಕ್ಕಿ ಹರವಿ, ಅದರ ಮೇಲೆ ಉಂಗುರದಿಂದ ಹೊಸ ಹೆಸರು ಬರೆದರು. ಗಂಡ ವಿಠ್ಠಲನಾದ್ದರಿಂದ ಅವಳು ರುಕ್ಮಿಣಿಯಾದಳು. ತವರಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರು? ಅವಳು ತೀರಿಕೊಂಡ ಮೇಲೆ ನಾನು ಕೇಳದವರಿಲ್ಲ. ಅವಳ ಒಡಹುಟ್ಟಿದವರು ಯಾರೂ ಉಳಿದಿರಲಿಲ್ಲ. ಅಪ್ಪನಿಗೆ ಗೊತ್ತಿರಲಿಲ್ಲ, ಅತ್ತೆಯರಿಗೆ ಗೊತ್ತಿರಲಿಲ್ಲ. ಹುಟ್ಟಿದಾಗ ಅವಳ ಕಿವಿಯಲ್ಲಿ ಹೇಳಿದ ಹೆಸರು ಅವಳೊಂದಿಗೇ ಹೋಯಿತು. ಮೊಮ್ಮಗಳಿಗೆ ರುಕ್ಮಿಣಿ ಎಂದಿಟ್ಟರೆ ಅದು ಅಜ್ಜಿಯ ನೆನಪಲ್ಲ, ಅಜ್ಜನ ಹೆಸರಿನ ಜೋಡಿ. ಮಂಗಳೂರಿನ ಕಡೆ ಬೇರೆ ಕ್ರಮ ಇರಬಹುದು. ನಮ್ಮ ಮನೆಗಳಲ್ಲಿ ನಡೆದದ್ದು ಇದು.

ಇನ್ನು ಕನ್ನಡದ ಹೆಸರುಗಳು ಅಳಿಯುತ್ತಿವೆ ಎಂಬ ವಾದ. ಮಗುವಿಗೆ ನಂಜಪ್ಪ ಎಂದು ಹೆಸರಿಟ್ಟು ಕನ್ನಡದ ಒಂದಕ್ಷರ ಕಲಿಸದ ಶಾಲೆಗೆ ಕಳಿಸಿದರೆ ಕನ್ನಡ ಉಳಿಯುತ್ತದೆಯೇ? ಹೊಸ ಹೆಸರುಗಳೆಲ್ಲ ಇಂಟರ್ನೆಟ್ಟಿನಿಂದ ಎತ್ತಿದವು ಎಂಬುದೂ ಸರಿಯಲ್ಲ. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪನವರು, ಅಂದರೆ ನಮ್ಮ ಕುವೆಂಪು, ತಮ್ಮ ಹಿರಿಯ ಮಗನಿಗೆ ವೆಂಕಟಪ್ಪ ಎಂದಿಡಲಿಲ್ಲ. ಪೂರ್ಣಚಂದ್ರ ತೇಜಸ್ವಿ ಎಂದಿಟ್ಟರು. ಆಮೇಲಿನ ಮಕ್ಕಳು ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮಗುವನ್ನು ಕಣ್ತುಂಬ ನೋಡಿದ ತಂದೆ ಇಟ್ಟ ಹೆಸರುಗಳು ಅವು. ಕುವೆಂಪು ಅವರಿಗೆ ಕನ್ನಡದ ಮೇಲೆ, ತಮ್ಮ ಮಲೆನಾಡಿನ ಮೇಲೆ ಪ್ರೀತಿ ಕಡಿಮೆಯಿತ್ತೇ?

ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಮೂವರಿದ್ದರೆ ಮೂವರ ಮಕ್ಕಳಿಗೂ ಅದೇ ಹೆಸರಾಗಿ, ದೊಡ್ಡವ, ನಡುವಿನವ, ಸಣ್ಣವ ಎಂದು ಗುರುತಿಸಬೇಕಾಗುತ್ತದೆ. ಪಹಣಿಯಲ್ಲಿ ಈ ಗೊಂದಲ ಬಂದಾಗ ಕಚೇರಿಗೆ ಅಲೆದವರಿಗೆ ಅದರ ಕಷ್ಟ ಗೊತ್ತಿದೆ. ಅದಕ್ಕಿಂತ ದೊಡ್ಡದು ಮಗುವಿನ ಮೇಲೆ ಬೀಳುವ ಭಾರ. ನನ್ನ ತಮ್ಮ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಹಿಂದೆ ಬಿದ್ದಾಗ ಅಪ್ಪ ಹೇಳಿದ್ದು ಒಂದೇ ಮಾತು: 'ಯಾರ ಹೆಸರು ಇಟ್ಟೀವಿ ನಿನಗ, ಗೊತ್ತದನ?' ಅವನು ಅಜ್ಜನನ್ನು ನೋಡಿಯೂ ಇರಲಿಲ್ಲ. ಕಾಣದ ಮನುಷ್ಯನೊಬ್ಬನ ಮರ್ಯಾದೆಯನ್ನು ಹುಟ್ಟಿದ ಹನ್ನೆರಡನೆಯ ದಿನವೇ ಹೆಗಲಿಗೇರಿಸಿಕೊಂಡ ಹುಡುಗ ಅವನು.

ಹಿರಿಯರನ್ನು ನೆನೆಯುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ನಮ್ಮ ಕಡೆ ಪ್ರತಿಯೊಬ್ಬರ ಹೆಸರಿನ ನಡುವೆ ತಂದೆಯ ಹೆಸರಿದೆ, ಕೊನೆಗೆ ಮನೆತನದ ಹೆಸರಿದೆ. ಗಂಡಿನ ಕಡೆಯ ವಂಶಕ್ಕೆ ಇಷ್ಟು ಜಾಗ ಆಗಲೇ ಸಿಕ್ಕಿದೆ. ಮಗುವಿನದೇ ಎಂದು ಉಳಿದಿರುವುದು ಮೊದಲ ಒಂದು ಪದ. ಅದನ್ನಾದರೂ ಬಿಟ್ಟುಕೊಡಿ.

ಅಪ್ಪ ತೀರಿಕೊಂಡ ಮೇಲೆ ತಮ್ಮನಿಗೆ ಮಗ ಹುಟ್ಟಿದ. ಅಪ್ಪನ ಹೆಸರೇ ಆಗಬೇಕೆಂದು ಬಂಧುಗಳೆಲ್ಲ ಪಟ್ಟು ಹಿಡಿದರು. ಬೇಡ ಎಂದವಳು ಅವ್ವ. 'ಆಕಿ ಮಗನ್ನ ಆಕಿ ಕರೀಬೇಕು, ಆಕಿನ್ನ ಕೇಳ್ರಿ' ಎಂದು ಪಡಸಾಲೆಯಲ್ಲಿ ನಿಂತು ಹೇಳಿದಳು. ಸೋದರತ್ತೆಯ ಕೆಲಸ ನನ್ನದಾಗಿತ್ತು. ತಮ್ಮನ ಹೆಂಡತಿ ಆರಿಸಿದ ಹೆಸರನ್ನು ಕೂಸಿನ ಕಿವಿಗೆ ಹೇಳಿ, ಸಂತೋಷದಿಂದ ಬೆನ್ನಿಗೆ ಗುದ್ದಿಸಿಕೊಂಡೆ.

ತೊಟ್ಟಿಲ ದಿನ ಬಂತು, ಈಗಲೇ ಹೆಸರು ಹೇಳಿ ಎಂದು ಬಾಣಂತಿಯನ್ನು ಅವಸರಪಡಿಸುವವರಿಗೆ ಒಂದು ವಿಷಯ ತಿಳಿದಿರಲಿ. ಜನನವನ್ನು 21 ದಿನದೊಳಗೆ ತಿಳಿಸಬೇಕು, ನಿಜ. ಆದರೆ ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ. ಆಮೇಲೆ 12 ತಿಂಗಳವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ತಡವಾದ ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ, ಪಾಸ್‌ಪೋರ್ಟಿಗೆ, ಮತದಾರರ ಪಟ್ಟಿಗೆ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬರೆಸಿದ ಹೆಸರು ಜೀವಮಾನವಿಡೀ ಜೊತೆಗಿರುತ್ತದೆ. ಹಾಗಾಗಿ ಬಾಣಂತನ ಮುಗಿಯಲಿ. ಅವಳು ನಾಲ್ಕು ರಾತ್ರಿ ನೆಟ್ಟಗೆ ನಿದ್ದೆ ಮಾಡಲಿ, ಮಗುವಿನ ಮುಖ ನೋಡಿ ಬೇಕಾದ ಹೆಸರುಗಳನ್ನೆಲ್ಲ ಕರೆದು ನೋಡಲಿ. ಅರ್ಜಿ ತುಂಬುವಾಗ ಪೆನ್ನು ಅವಳ ಕೈಯಲ್ಲಿರಲಿ.